ಬಚ್ಚಲಿನ ನದಿ

ಸದ್ದಣ್ಣ ಎಂದು ಅವನಿಗೆ ಹೆಸರಿಟ್ಟವರು ಸ್ಟುಡಿಯೋದವರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಅವನ ಕೆಲಸ ಸದ್ದು ಮಾಡುವುದು. ಬಾಯಲ್ಲಿ ಅಲ್ಲ, ಕೈಯಲ್ಲಿ; ಮಾತಿನಲ್ಲಿ ಮಹಾ ಮುಗುಮ್ಮು. ಮಳೆ ಬೇಕೆಂದರೆ ತಗಡಿನ ಮೇಲೆ ಅಕ್ಕಿ ಉದುರಿಸುತ್ತಿದ್ದ. ಹುಲ್ಲಿನ ಮೇಲೆ ಯಾರಾದರೂ ನಡೆಯಬೇಕೆಂದರೆ ಹಳೇ ಕ್ಯಾಸೆಟ್ಟಿನ ಸುರುಳಿ ಬಿಚ್ಚಿ ನೆಲಕ್ಕೆ ರಾಶಿ ಹಾಕಿ ತುಳಿಯುತ್ತಿದ್ದ. ಪಾರಿವಾಳ ಹಾರಬೇಕೆಂದರೆ ಒಂದು ಜೊತೆ ತೊಗಲಿನ ಕೈಗವಸು ಸಾಕು. ಮೈಕಿನ ಮುಂದೆ ಪಟಪಟ ಬಡಿದರೆ ಹಿಂಡೇ ಎದ್ದು ಹೋಗುತ್ತಿತ್ತು. ಇಪ್ಪತ್ತು ವರ್ಷ ನಾಟಕಗಳಿಗೂ ಜಾಹೀರಾತುಗಳಿಗೂ ಹೀಗೇ ದುಡಿದ. ಅದರಲ್ಲಿ ತಪ್ಪೇನಿದೆ? ನಾಟಕದ ರಾಜನ ಕಿರೀಟ ರಟ್ಟಿನದು ಎಂದು ಯಾರೂ ಜಗಳಕ್ಕೆ ಬರುವುದಿಲ್ಲ.

ಎಡವಟ್ಟಾದದ್ದು ಮಾಲೀಕರಿಗೆ ಹೊಸ ಹುಚ್ಚು ಹಿಡಿದ ಮೇಲೆ. ಜನಕ್ಕೆ ನಿದ್ದೆ ಇಲ್ಲ, ನೆಮ್ಮದಿ ಇಲ್ಲ, ಕಾಡು ನದಿಗಳ ಸದ್ದು ಕೇಳಿಸಿದರೆ ಎರಡೂ ಬರುತ್ತವೆ ಎಂದು ಅವರು ಎಲ್ಲೋ ಓದಿದರು. ಮೊಬೈಲಿನಲ್ಲಿ ಕೇಳುವಂಥ ಒಂದು ಸರಣಿ ಶುರುಮಾಡೋಣ ಎಂದರು. ಮೊದಲನೆಯದಕ್ಕೆ ‘ನದಿ ದಂಡೆಯ ಬೆಳಗು’ ಎಂದು ಹೆಸರೂ ಇಟ್ಟರು. "ಹೋಗಿ ನಿಜವಾದ ನದೀನೇ ರೆಕಾರ್ಡ್ ಮಾಡ್ಕೊಂಡು ಬಾ" ಎಂದು ನಾಲ್ಕು ದಿನ ಬಿಡುವು ಕೊಟ್ಟರು.

ಸದ್ದಣ್ಣ ಹೊರಟಿದ್ದೇನೋ ನಿಜ. ಊರ ಹೊರಗೆ ಬಸ್ಸಿಳಿದು ಮೈಕು ಹಿಡಿದರೆ ಬರೀ ಲಾರಿ, ನೊಣ, ಬುರ್ರೆನ್ನುವ ಗಾಳಿ. ಒಳ್ಳೆಯ ಸದ್ದು ಬೇಕಾದರೆ ಕೂತು ಕಾಯಬೇಕು. ಕಾಯುವ ಬಾಬತ್ತು ಅವನ ಜಾಯಮಾನಕ್ಕೆ ಒಗ್ಗಿದ್ದಲ್ಲ. ಮಧ್ಯಾಹ್ನಕ್ಕೆ ಮನೆಗೆ ವಾಪಸು ಬಂದವನೇ ಬಚ್ಚಲಿನ ಬಾಗಿಲು ಹಾಕಿಕೊಂಡು, ನೀಲಿ ಟಬ್ಬಿಗೆ ನೀರು ತುಂಬಿ, ಕೈಯಾಡಿಸುತ್ತಾ ಕೂತ. ಎರಡು ಗಂಟೆಯಲ್ಲಿ ನದಿ ತಯಾರು. ಹಳೆಯ ಸಂಗ್ರಹದಲ್ಲಿದ್ದ ಒಂದು ಹಕ್ಕಿಯ ಕೂಗನ್ನು ಅದರ ಮೇಲೆ ಕೂರಿಸಿದ. ಚೆಂಡೊಂದು ನೆಲಕ್ಕೆ ಬಿದ್ದು, ಪುಟಿದು ಪುಟಿದು ನಿಲ್ಲುವಂಥ ಕೂಗು. ಯಾವ ಹಕ್ಕಿ ಎಂದು ಅವನಿಗೆ ಗೊತ್ತಿರಲಿಲ್ಲ, ಕೇಳಲು ಚೆಂದವಿತ್ತು, ಅಷ್ಟೆ.

"ಇನ್ನೂ ಮೂರು ದಿನ ಬಚ್ಚಲಲ್ಲೇ ಸಂಸಾರವೋ ಹೇಗೆ? ನಾವೂ ಸ್ನಾನ ಮಾಡ್ಬೇಕು" ಎಂದು ಹೆಂಡತಿ ಬಾಗಿಲು ಬಡಿದಳು.

ಇಷ್ಟಕ್ಕೇ ಮುಗಿದಿದ್ದರೆ ಇದು ಹೆಂಡತಿ ನಾಲ್ಕು ಜನರ ಮುಂದೆ ಹೇಳಿ ನಗುವ ಮಾತಾಗಿ ಉಳಿಯುತ್ತಿತ್ತು. ಆದರೆ ಮನೆಯಲ್ಲಿ ಅಕ್ಕ ಇದ್ದಳು.

ಅಕ್ಕ ಅವನಿಗಿಂತ ಹದಿನೈದು ವರ್ಷಕ್ಕೆ ದೊಡ್ಡವಳು. ತಾಯಿ ಹೋದ ಮೇಲೆ ಅವನನ್ನು ಸಾಕಿದವಳು. ನಲವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತವಳು. ಕಪ್ಪು ದಾರದಲ್ಲೇ ಐದು ಬಗೆ ಎಂದು ವಾದಿಸಿ ಅಂಗಡಿಯವನನ್ನು ಸುಸ್ತು ಮಾಡುತ್ತಿದ್ದವಳು. ಕಣ್ಣಿನೊಳಗಿನ ಒತ್ತಡ ಏರಿ ಎರಡೇ ವರ್ಷದಲ್ಲಿ ದೃಷ್ಟಿ ಪೂರ್ತಿ ಹೋಯಿತು. ತಮ್ಮನ ಮನೆಗೆ ಬಂದವಳು ಮಂಚ ಬಿಟ್ಟು ಏಳಲಿಲ್ಲ. "ಬೆಳಗಾಯ್ತು ಅಕ್ಕ" ಎಂದರೆ "ಯಾರಿಗೆ?" ಎನ್ನುತ್ತಿದ್ದಳು. ಆ ಒಂದು ಮಾತಿಗೆ ಮನೆಯವರೆಲ್ಲ ಕಾಫಿ ಲೋಟ ಅಲ್ಲೇ ಇಟ್ಟು ಆಚೆ ಹೋಗಬೇಕಾಗಿತ್ತು.

ಒಂದು ದಿನ ಸದ್ದಣ್ಣ ತಾನು ಮಾಡಿದ ನದಿಯನ್ನು ಅವಳ ಕಿವಿಗೆ ಹಚ್ಚಿದ. ಅಕ್ಕ ಪೂರ್ತಿ ಕೇಳಿದಳು. ಎಂಟು ತಿಂಗಳಲ್ಲಿ ಮೊದಲ ಸಲ ಗೋಡೆಯ ಕಡೆಯಿಂದ ಈ ಕಡೆ ಹೊರಳಿದಳು.

"ಎಲ್ಲಿದೋ ಇದು?"

"ಸ್ಟುಡಿಯೋ ಕೆಲಸ ಅಕ್ಕ" ಎಂದಿದ್ದರೆ ಮುಗಿಯುತ್ತಿತ್ತು. ಅವಳ ಮುಖ ನೋಡಿ ಅವನ ನಾಲಿಗೆ ಹೊರಳಿತು. "ನದಿ ಹತ್ರ ಹೋಗಿದ್ದೆ ಅಕ್ಕ. ಬೆಳಗಿನ ಜಾವ, ಮೊಣಕಾಲುದ್ದ ನೀರಲ್ಲಿ ನಿಂತಿದ್ದೆ" ಎಂದುಬಿಟ್ಟ. ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರಲ್ಲ, ಹಾಗಾಗಿ ಅದಕ್ಕೆ ದಿನಕ್ಕೊಂದು ಊರುಗೋಲು ಕೊಡಬೇಕಾಯಿತು. ನೀರಿನ ಮೇಲೆ ಬಗ್ಗಿ ನಿಂತ ಒಂದು ಮರ. ಕುರ್ಚಿಯ ಹಾಗಿರುವ ಒಂದು ಬಂಡೆ. ಅಕ್ಕ ಕೇಳುತ್ತಿದ್ದಳು, ಅವನು ಕೊಡುತ್ತಿದ್ದ.

ಅಕ್ಕ ಎದ್ದಳು. ಅದೇ ದೊಡ್ಡ ವಿಷಯ. ಬೆಳಿಗ್ಗೆ ಮೊಬೈಲಿನಲ್ಲಿ ಆ ಹಕ್ಕಿ ಕೂಗಿದರೆ ಮುಖ ತೊಳೆಯುತ್ತಿದ್ದಳು, ಬಾಲ್ಕನಿಗೆ ಹೋಗಿ ಬಿಸಿಲಿಗೆ ಕೂರುತ್ತಿದ್ದಳು, ಕೋಲು ಹಿಡಿದು ಅಂಗಡಿಯವರೆಗೂ ನಡೆದಳು. ಕಣ್ಣಿನ ಆಸ್ಪತ್ರೆಯ ಸಾಲಿನಲ್ಲಿ ಅಕ್ಕಪಕ್ಕದವರಿಗೆಲ್ಲ ಕೇಳಿಸಿದಳು. "ನನ್ನ ತಮ್ಮ ನೀರಲ್ಲಿ ನಿಂತ್ಕೊಂಡು ತಂದಿದ್ದು. ನಂಗೆ ಬೆಳಗು ತಂದ್ಕೊಟ್ಟ" ಎನ್ನುತ್ತಿದ್ದಳು. ಪಕ್ಕದಲ್ಲಿ ಕೂತ ಸದ್ದಣ್ಣನದು ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಪಾಡು. ಕಂಡ ಕಂಡವರಿಗೆಲ್ಲ ನಿದ್ದೆ ಹಂಚಿದ ಮನುಷ್ಯನಿಗೆ ನಿದ್ದೆ ಹೋಯಿತು.

ಆಮೇಲೆ ಅಕ್ಕ ಕೇಳಿದಳು: "ಒಂದ್ಸಲ ಅಲ್ಲಿಗೆ ಕರ್ಕೊಂಡು ಹೋಗೋ. ಇದುವರೆಗೂ ನಿನ್ನನ್ನ ನಾನು ಏನೂ ಬೇಕು ಅಂತ ಕೇಳಿಲ್ಲ."

ನಿಜ, ಕೇಳಿರಲಿಲ್ಲ. ಅವನು ಚಳಿ ಎಂದ, ರಸ್ತೆ ಸರಿಯಿಲ್ಲ ಎಂದ, ರಜೆ ಸಿಗುತ್ತಿಲ್ಲ ಎಂದ. ಕೊನೆಗೆ ಹೆಂಡತಿ ಅಡುಗೆಮನೆಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದಳು: "ನೀವು ಹೇಳ್ತೀರೋ, ನಾನೇ ಹೇಳ್ಲೋ? ಅತ್ತಿಗೆ ಮುಖ ನೋಡೋಕಾಗ್ತಿಲ್ಲ ನಂಗೆ. ಒಂದು ನದಿ ಹುಡುಕಿ ಕರ್ಕೊಂಡು ಹೋಗಿ, ದಾರೀಲಿ ನಿಜ ಹೇಳ್ಬಿಡಿ."

ಯಾರನ್ನೋ ಕೇಳಿ ನದಿ ದಾಟಿಸುವ ಒಂದು ದೋಣಿಗಟ್ಟೆ ಪತ್ತೆಮಾಡಿದ. ಭಾನುವಾರ ಬುತ್ತಿ ಕಟ್ಟಿಕೊಂಡು ಅಕ್ಕನನ್ನು ಬಸ್ಸು ಹತ್ತಿಸಿದ. ಎರಡೂವರೆ ಗಂಟೆಯ ದಾರಿ. ಮುಂದಿನ ನಿಲ್ದಾಣದಲ್ಲಿ ಹೇಳುತ್ತೇನೆ, ಅದರ ಮುಂದಿನದರಲ್ಲಿ ಹೇಳುತ್ತೇನೆ ಎಂದುಕೊಳ್ಳುತ್ತಲೇ ಕೂತ. ಅಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು. ಅದನ್ನು ನೋಡಿದಾಗಲೆಲ್ಲ ಮಾತನ್ನು ಇನ್ನೊಂದು ನಿಲ್ದಾಣಕ್ಕೆ ಮುಂದೂಡಿದ.

ನದಿ ಬಂತು. ಅಗಲವಾದ, ಸಾಧಾರಣ ನದಿ. ಒಂದು ಕಡೆ ಕಲ್ಲು, ಒಂದು ಕಡೆ ಕೆಸರು, ಕಟ್ಟಿಹಾಕಿದ ಒಂದು ದೋಣಿ. ಅಕ್ಕ ಚಪ್ಪಲಿ ಬಿಟ್ಟು ನೀರಿಗೆ ಕಾಲಿಟ್ಟಳು. ಮೈ ಜುಮ್ಮೆಂದಿರಬೇಕು, ಸಣ್ಣ ಹುಡುಗಿಯ ಹಾಗೆ ಉಸಿರೆಳೆದುಕೊಂಡಳು.

"ಆ ಮರ ಎಲ್ಲಿ? ಬಗ್ಗಿರೋದು?"

ಹೇಳುವುದಿದ್ದರೆ ಈಗಲೇ. ಸದ್ದಣ್ಣ ಸುತ್ತ ನೋಡಿದ. ಹತ್ತು ಹೆಜ್ಜೆ ದೂರದಲ್ಲಿ ಒಂದು ಮರವಿತ್ತು, ಕಂಬದ ಹಾಗೆ ನೆಟ್ಟಗೆ. ಅವನು ಅವಳ ಕೈ ಹಿಡಿದು ಅಲ್ಲಿಗೆ ಕರೆದೊಯ್ದು ಕಾಂಡದ ಮೇಲೆ ಇಟ್ಟ. ಈ ಭಾಗ ಹೇಳಲು ನನಗೂ ನಾಚಿಕೆಯಾಗುತ್ತದೆ, ಆದರೆ ನಡೆದದ್ದು ನಡೆದ ಹಾಗೆ ಹೇಳಬೇಕು. ಅಕ್ಕ ಬಟ್ಟೆ ಅಳೆಯುವವರಂತೆ ಗೇಣು ಹಾಕಿ ಕಾಂಡದ ಸುತ್ತಳತೆ ತೆಗೆದಳು. ಆಮೇಲೆ ಅಂಗೈಯನ್ನು ಮೇಲಕ್ಕೆ, ಇನ್ನೂ ಮೇಲಕ್ಕೆ ಸರಿಸಿದಳು. ತುದಿಗಾಲಲ್ಲಿ ನಿಂತಳು.

"ನೆಟ್ಟಗಿದೆಯಲ್ಲೋ."

"ಮೇಲೆ ಬಗ್ಗಿದೆ ಅಕ್ಕ. ನಿನ್ನ ಕೈಗೆ ಎಟುಕಲ್ಲ."

ಅಕ್ಕ ತಲೆಯಾಡಿಸಿದಳು. ನಂಬಿದಳು. ನಂಬದೆ ಏನು ಮಾಡಿಯಾಳು?

ದೋಣಿಯವನು ಆಗ ಬಂದ. ವಯಸ್ಸಾದ, ಸಾವಧಾನದ ಮನುಷ್ಯ. ಅಕ್ಕ ಹೆಜ್ಜೆಯ ಸದ್ದು ಕೇಳಿ ಅವನನ್ನು ಕರೆದಳು. "ಇದು ನಿಮ್ಮದೇ ನದಿ ನೋಡಿ, ನನ್ನ ತಮ್ಮ ಹಿಡ್ಕೊಂಡು ಬಂದಿದ್ದು" ಎಂದು ಹೆಮ್ಮೆಯಿಂದ ಮೊಬೈಲು ಚಾಚಿದಳು. ತಡೆಯಲು ಸದ್ದಣ್ಣ ಕೈ ಎತ್ತಿದ. ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ತಲೆ ಕೆರೆದುಕೊಂಡ.

ದೋಣಿಯವನು ಮರ್ಯಾದೆಯಿಂದ ಪೂರ್ತಿ ಕೇಳಿದ.

"ಚೆನ್ನಾಗಿದೆ ತಾಯಿ. ಆದ್ರೆ ಇದು ಈ ನದಿ ಅಲ್ಲ."

"ಬೇರೆ ದೋಣಿಗಟ್ಟೆ ಇರಬಹುದು" ಎಂದಳು ಅಕ್ಕ.

"ಯಾವ ದೋಣಿಗಟ್ಟೆನೂ ಅಲ್ಲಮ್ಮ. ಈ ಹಕ್ಕಿ ಒಣ ಬಯಲಿಂದು, ಕತ್ತಲಲ್ಲಿ ಕೂಗುತ್ತೆ. ಬೆಳಕು ಹರಿದ ಮೇಲೆ ಬಾಯಿ ಬಿಡಲ್ಲ. ನೀರು ಕೂಡ ನದೀದಲ್ಲ." ಅವನು ಮತ್ತೊಮ್ಮೆ ಕಿವಿಗೆ ಹಚ್ಚಿಕೊಂಡ. "ನದಿ ನೀರು ಹೋಗ್ತಾ ಇರುತ್ತೆ. ಇದು ಹೋಗ್ತಾನೇ ಇಲ್ಲ, ಇದ್ದಲ್ಲೇ ತಿರುಗ್ತಾ ಇದೆ. ಯಾವುದೋ ಪಾತ್ರೆಲಿರೋ ನೀರು."

ಇಪ್ಪತ್ತು ವರ್ಷದ ಕಸುಬುದಾರನಿಗೆ ಹೊಳೆಯದ ಮಾತು ಅದು. ದೋಣಿಯವನಿಗೆ ಕುಹಕವಿರಲಿಲ್ಲ, ಕೇಳಿದ್ದಕ್ಕೆ ಹೇಳಿದ್ದ. ಹೇಳಿ ದೋಣಿಯ ನೀರು ಮೊಗೆಯಲು ಹೋದ.

"ಅವರು ಏನಂತಿದಾರೋ?" ಅಕ್ಕ ತಮ್ಮನ ಕಡೆ ಮುಖ ತಿರುಗಿಸಿದಳು.

ಆ ಮುದುಕನಿಗೆ ಕಿವಿ ಮಂದ ಎಂದರೆ ಆಗುತ್ತಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಅಕ್ಕನ ಅಂಗೈಯಲ್ಲಿ ತೊಗಟೆಯ ಪುಡಿ ಇನ್ನೂ ಅಂಟಿಕೊಂಡಿತ್ತು.

"ಅವರು ಹೇಳಿದ್ದೇ ನಿಜ ಅಕ್ಕ. ಅದು ಬಚ್ಚಲಲ್ಲಿ ಮಾಡಿದ್ದು."

"ಯಾವ ಬಚ್ಚಲು?"

"ನಮ್ಮನೇದೇ. ನೀಲಿ ಟಬ್ಬಲ್ಲಿ."

"ನೀರಲ್ಲಿ ನಿಂತಿದ್ದೆ ಅಂದೆ."

"ನಿಂತಿರ್ಲಿಲ್ಲ. ಈ ಜಾಗಕ್ಕೆ ಬಂದಿದ್ದೇ ಇವತ್ತು ಮೊದಲು."

"ಈ ಮರ?"

"ನೆಟ್ಟಗಿದೆ ಅಕ್ಕ. ತುದಿವರೆಗೂ ನೆಟ್ಟಗಿದೆ."

ಅಕ್ಕ ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು. ಕೂಗಾಡಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವಳು ಮೆಲ್ಲಗೆ ಕೇಳಿದಳು:

"ಕಣ್ಣಿಲ್ಲ ಅಂತ ತಾನೆ?"

ನಿನ್ನ ಒಳ್ಳೇದಕ್ಕೆ ಅಕ್ಕ, ನೀನು ಏಳಲಿ ಅಂತ ಅಕ್ಕ ಎಂದು ನೂರು ಮಾತಿದ್ದವು. ಅವುಗಳಲ್ಲಿ ಅರ್ಧ ಸುಳ್ಳೂ ಅಲ್ಲ. ಆದರೆ ಕಣ್ಣಿದ್ದವರ ಕೈಯನ್ನು ಹಿಡಿದು ಯಾರೂ ನೆಟ್ಟಗಿನ ಮರವನ್ನು ಬಗ್ಗಿದೆ ಎನ್ನುವುದಿಲ್ಲ.

"ಹೌದು" ಎಂದ.

ನಲವತ್ತೈದು ವರ್ಷದ ಗಂಡಸು, ತಲೆಯಲ್ಲಿ ಬಿಳಿ ಕೂದಲು, ನೆಲ ನೋಡುತ್ತಾ ನಿಂತ. ವಾಪಸು ಹೋಗುವ ಬಸ್ಸು ನಾಲ್ಕು ಗಂಟೆಗಿತ್ತು. ಓಡಿಹೋಗಲೂ ದಾರಿಯಿಲ್ಲ.

ಏನಾದರೂ ಮಾಡಬೇಕಲ್ಲ ಎಂದು ಚೀಲದಿಂದ ಮೈಕು ತೆಗೆದ. "ಈಗ ನಿಜವಾಗ್ಲೂ ರೆಕಾರ್ಡ್ ಮಾಡ್ತೀನಿ ಅಕ್ಕ. ನಿಂಗೆ ಅಂತಾನೇ."

"ಬೇಡ. ಒಳಗಿಡು. ನಂಗೆ ಕಿವಿ ಇದೆ." ಅಕ್ಕ ಕಲ್ಲು ತಡವಿ ಕೂತು ಕಾಲನ್ನು ನೀರಿಗೆ ಇಳಿಬಿಟ್ಟಳು. "ಕಣ್ಣು ನಿಂಗಿದೆಯಲ್ಲ, ಏನು ಕಾಣುತ್ತೋ ಅಷ್ಟು ಹೇಳು. ಹೆಚ್ಚಿಗೆ ಒಂದೂ ಬೇಡ."

ಅವನು ಪಕ್ಕದಲ್ಲಿ ಕೂತು ನೋಡಿದ. "ನೀರು. ಒಂದು ಹಕ್ಕಿ, ಕಲ್ಲಿನ ಮೇಲೆ."

"ಯಾವ ಬಣ್ಣ?"

"ಕಂದು."

"ಕಂದು ಅಂದ್ರೆ? ಗೋಣಿದಾ, ತುಕ್ಕಿಂದಾ, ಒದ್ದೆ ಮಣ್ಣಿಂದಾ?"

ಅವನು ಕಣ್ಣು ಕಿರಿದು ಮಾಡಿ ಮತ್ತೆ ನೋಡಿದ. "ಬೆನ್ನು ಗೋಣಿ. ಕತ್ತು ತುಕ್ಕು."

"ಏನ್ಮಾಡ್ತಿದೆ?"

"ಬಾಲ ಕುಣಿಸ್ತಿದೆ. ಈಗ ಕಲ್ಲಿನ ಹಿಂದೆ ಹೋಯ್ತು. ಯಾಕೆ ಅಂತ ಗೊತ್ತಿಲ್ಲ."

"ಗೊತ್ತಿಲ್ದೇ ಇದ್ರೆ ಗೊತ್ತಿಲ್ಲ ಅನ್ನು. ಸಾಕು."

ಹಾಗೇ ಎರಡು ತಾಸು. ಬುತ್ತಿಯನ್ನು ಹಂಚಿಕೊಂಡು ತಿಂದರು, ಆದರೆ ಮನೆ ಮಾತು ಒಂದೂ ಬರಲಿಲ್ಲ. ನೀರಿನ ಬಣ್ಣ ದಡದ ಹತ್ತಿರ ಒಂದು, ನಡುವೆ ಇನ್ನೊಂದು ಎಂದು ಅವನು ಹೇಳಿದ. ಕೆಸರಿನಲ್ಲಿ ಕಂಡ ಹೆಜ್ಜೆಗುರುತಿಗೆ ಮೂರು ಬೆರಳಿದೆ ಎಂದು ಎದ್ದು ಹೋಗಿ ಎಣಿಸಿ ಬಂದು ಹೇಳಿದ. ಹೇಳದೆ ಸುಮ್ಮನೆ ಕೂತಾಗ ನದಿ ಕೇಳಿಸಿತು. ಅದು ಹೋಗುತ್ತಲೇ ಇತ್ತು. ದೋಣಿಯವನು ಅಂದ ಹಾಗೆ, ಒಂದೇ ಒಂದು ಸದ್ದೂ ತಿರುಗಿ ಬರುತ್ತಿರಲಿಲ್ಲ. ಎಷ್ಟೋ ತಿಂಗಳಿಂದ ಬಿಗಿದುಕೊಂಡಿದ್ದ ಕತ್ತು ತಾನಾಗಿ ಸಡಿಲಾಯಿತು, ಉಸಿರು ಹೊಟ್ಟೆಯವರೆಗೂ ಇಳಿಯಿತು. ಅಕ್ಕನಿಗೆ ಇಷ್ಟು ನೋವು ಕೊಟ್ಟ ದಿನವೇ ತನಗೆ ಹೀಗೆ ಹಗುರಾಗುತ್ತಿದೆಯಲ್ಲ ಎಂದು ಅದಕ್ಕೂ ನಾಚಿಕೊಂಡ.

ಅಕ್ಕನ ಮುಖ ನೋಡಿದ. ಬಿಸಿಲು ಬಿದ್ದು ಕೆಂಪಾಗಿತ್ತು. ಕೋಪ ಇಳಿದಿದೆಯೋ ಎಂದು ಅಂದಾಜು ಮಾಡಲು ನೋಡಿದ, ಆಗಲಿಲ್ಲ.

ಹೊತ್ತಾಯಿತು ಎಂದಾಗ ಅಕ್ಕ ಎದ್ದು ಸೀರೆ ಕೊಡವಿಕೊಂಡಳು. ಅವನು ಎಂದಿನಂತೆ ಮೊಣಕೈ ಚಾಚಿದ. ಅಕ್ಕ ಆ ಕಡೆ ತಿರುಗದೆ, "ದೋಣಿಯಪ್ಪ, ರಸ್ತೆವರೆಗೂ ಸ್ವಲ್ಪ ಕೈ ಕೊಡ್ತೀರಾ?" ಎಂದಳು. ಮುದುಕ ಒಂದು ಗಳಿಗೆ ಸದ್ದಣ್ಣನ ಮುಖ ನೋಡಿ, ಕೈ ಒರೆಸಿಕೊಂಡು ಬಂದ. ಅವರಿಬ್ಬರೂ ಮುಂದೆ. ಸದ್ದಣ್ಣ ಚೀಲ, ಬುತ್ತಿ ಡಬ್ಬಿ, ಅಕ್ಕನ ಚಪ್ಪಲಿ ಹೊತ್ತುಕೊಂಡು ಹಿಂದೆ. ಮೇಲೆ ಹತ್ತುವಾಗ ಅಕ್ಕ ಆ ಮುದುಕನನ್ನು ಏನೇನೋ ಕೇಳುತ್ತಿದ್ದಳು, ಅವನು ಹೇಳುತ್ತಿದ್ದ. ಹಕ್ಕಿಗಳ ವಿಷಯವೇ ಇರಬೇಕು.

ಬಸ್ಸು ಬಂತು. ದೋಣಿಯವನು ಅಕ್ಕನನ್ನು ಬಾಗಿಲ ಮುಂದೆ ಬಿಟ್ಟು ಹೊರಟ.

"ಮೂರು ಮೆಟ್ಟಿಲು ಅಕ್ಕ" ಎಂದ ಸದ್ದಣ್ಣ.

ಮನೆಯಲ್ಲಾಗಲಿ ಆಸ್ಪತ್ರೆಯಲ್ಲಾಗಲಿ ಅವನು ಎಷ್ಟು ಎಂದರೆ ಅಷ್ಟೇ ಎಂದು ಅಕ್ಕ ಕಾಲೆತ್ತಿ ಇಡುತ್ತಿದ್ದಳು, ಕೋಲು ಕಂಕುಳಲ್ಲಿ ಇರುತ್ತಿತ್ತು. ಈಗ ಅವಳು ಕೋಲನ್ನು ಮುಂದೆ ಚಾಚಿದಳು. ಮೊದಲನೆಯ ಮೆಟ್ಟಿಲನ್ನು ತಟ್ಟಿದಳು. ಎರಡನೆಯದನ್ನು ತಡಕಿದಳು.

"ಬೇಗ ಹತ್ತಿಸ್ರೀ, ಟೈಮಾಯ್ತು" ಎಂದ ಕಂಡಕ್ಟರ್.

"ಇರಿ ಸ್ವಾಮಿ" ಎಂದ ಸದ್ದಣ್ಣ. "ಅಕ್ಕ ನೋಡ್ಕೊಂಡು ಹತ್ತಲಿ."