ಹೇಳಿಕೊಳ್ಳಲು ಬೇರೆಯವರು

ಮಾರಿತ್ ಮಗಳ ಕೈ ಹಿಡಿಯುವುದನ್ನೇ ಬಿಟ್ಟಿದ್ದಳು. ಶಾಲೆಗೆ ಹೋಗುವಾಗ ತನ್ನೆರಡು ಕೈಗಳನ್ನೂ ಕೋಟಿನ ಜೇಬಿಗೆ ತುರುಕಿ ಮುಂದೆ ನಡೆಯುವಳು. ಎಂಟು ವರ್ಷದ ಇಡಾ ಹಿಮದಲ್ಲಿ ಜಾರುತ್ತ ಹಿಂದಿನಿಂದ ಬರುವಳು. ಆ ದಿನ ಮಗು ಬಿದ್ದು ತುಟಿ ಒಡೆದುಕೊಂಡಿತು. ಎಬ್ಬಿಸಲು ತಾಯಿಗೆ ಕೈ ಚಾಚಲಾಗಲಿಲ್ಲ. ಅದನ್ನು ಕಂಡ ಶಾಲೆಯವರು ಊರಿನ ನರ್ಸ್ ತೋರಿಲ್ಡ್‌ಗೆ ತಿಳಿಸಿದರು.

ಹಿಂದಿನ ಚಳಿಗಾಲದಲ್ಲಿ ನಾರ್ವೆಯ ಆ ಊರಿನ ಅಡಿಯ ಜೇಡಿಮಣ್ಣು ಗಂಜಿಯಂತೆ ಕರಗಿ, ಒಂದು ಸಾಲು ಮನೆಗಳನ್ನೇ ಎಳೆದುಕೊಂಡು ಹೋಗಿತ್ತು. ಉಳಿದವರ ಮನಸ್ಸನ್ನು ನೋಡಿಕೊಳ್ಳಲು ಪಂಚಾಯಿತಿಗೆ ಸಿಕ್ಕಿದ್ದು ತೋರಿಲ್ಡ್ ಒಬ್ಬಳೇ. ಮಾರಿತ್‌ಳ ಪಕ್ಕದ ಮನೆಯಲ್ಲಿದ್ದ ತೋರಿಲ್ಡ್‌ಳ ತಮ್ಮ ಅಸ್ಗೇರ್ ಕೂಡ ಆ ಮಣ್ಣಿನಲ್ಲಿ ಹೋಗಿದ್ದ.

ಮಗು ಬಿದ್ದ ದಿನ ಮಧ್ಯಾಹ್ನವೇ ಮಾರಿತ್‌ಳ ಹೊಸ ಮನೆಗೆ ಬಂದ ತೋರಿಲ್ಡ್ ಕಾಫಿ ಗುಟುಕರಿಸಿ ಮುಖ ಕಿವುಚಿದಳು.

"ಮನೆ ಬದಲಾದ್ರೂ ನಿನ್ನ ಕಾಫಿ ಬದಲಾಗ್ಲಿಲ್ಲ ಕಣೇ. ಪಾತ್ರೆ ತೊಳೆದ ನೀರು."

"ಹಾಗಾದ್ರೆ ಕುಡೀಬೇಡ."

"ಕುಡೀತೀನಿ. ನಂಗೆ ಸಂಬಳ ಕೊಡೋದೇ ಇದಕ್ಕೆ. ನಿದ್ದೆ ಬರುತ್ತಾ?"

"ಬರುತ್ತೆ."

"ಸುಳ್ಳು. ನಂಗೂ ಬರ್ತಿರ್ಲಿಲ್ಲ. ಆಮೇಲೆ ಒಂದೇ ಮಾತು ಹಿಡ್ಕೊಂಡೆ. ಅಸ್ಗೇರ್ ನಿದ್ದೇಲೇ ಹೋದ, ಅವನಿಗೇನೂ ಗೊತ್ತಾಗ್ಲಿಲ್ಲ ಅಂತ. ನೀನೇ ಹೇಳಿದ್ದಲ್ವಾ. ಅದೇ ನನ್ನ ಉಳಿಸಿದ್ದು."

ಮಾರಿತ್ ಹಾಗೆ ಹೇಳಿದ್ದು ನಿಜ. ನಡೆದದ್ದು ಬೇರೆ. ಎದೆಮಟ್ಟ ಹೂತಿದ್ದ ಅಸ್ಗೇರ್ ಅವಳ ಬಲಗೈ ಹಿಡಿದು ಮಾತಾಡುತ್ತಲೇ ಇದ್ದ. ಎಡಗೈಯಲ್ಲಿ ಇಡಾ. ಮಣ್ಣು ಮತ್ತೆ ಅಲುಗಿತು. ಇಬ್ಬರನ್ನೂ ಎಳೆಯುವ ಶಕ್ತಿ ಅವಳಲ್ಲಿರಲಿಲ್ಲ. ಅವಳು ಕೈ ಬಿಟ್ಟಳು, ಅವನು ಬಿಡಲಿಲ್ಲ. ಅವನ ಬೆರಳುಗಳನ್ನು ಹಲ್ಲಿನಿಂದ ಕಚ್ಚಿ ಬಿಡಿಸಬೇಕಾಯಿತು.

ಇದನ್ನು ಯಾರಿಗಾದರೂ ಹೇಳದೆ ಮಗಳನ್ನು ಮುಟ್ಟಲಾರೆ ಎಂಬುದು ಅವಳಿಗೆ ಗೊತ್ತಿತ್ತು. ಆದರೆ ಇವಳಿಗೆ ಹೇಗೆ ಹೇಳುವುದು?

"ಪಟ್ಟಣದಿಂದ ಬೇರೆ ಯಾರನ್ನಾದ್ರೂ ಕರೆಸು," ಎಂದಳು.

"ಯಾಕೆ, ನಾನು ಸಾಲಲ್ವಾ?"

"ನಿನ್ನ ಹತ್ರ ಹೇಳಕ್ಕಾಗಲ್ಲ."

ತೋರಿಲ್ಡ್ ನಗಲು ಹೋದಳು, ಆಗಲಿಲ್ಲ. "ಪಾದ್ರಿ ಕುಡಿಯೋದೂ ನಂಗೆ ಗೊತ್ತು, ಅವನ ಹೆಂಡ್ತಿ ಬೈಯೋದೂ ಗೊತ್ತು. ಈ ಊರಲ್ಲಿ ನಂಗೆ ಹೇಳಬಾರದ್ದು ಅಂತ ಏನಿರುತ್ತೆ?"

ಮಾರಿತ್ ತಲೆ ಎತ್ತಲಿಲ್ಲ. ತೋರಿಲ್ಡ್ ಬಟ್ಟಲನ್ನು ಮೇಜಿನ ಮೇಲಿಟ್ಟ ಸದ್ದಾಯಿತು.

"ಅಸ್ಗೇರ್ ಎಚ್ಚರ ಇದ್ನಾ?"

ಇಲ್ಲ ಎನ್ನುವುದು ಸುಲಭವಾಗಿತ್ತು. ಒಮ್ಮೆ ಅಂದಿದ್ದಳಲ್ಲ. ಆದರೆ ಆ ಪದ ಎರಡನೇ ಸಲ ಬಾಯಿಗೆ ಬರಲಿಲ್ಲ.

"ಇದ್ದ."

"ಮಾತಾಡಿದ್ನಾ?"

"ಹ್ಞೂಂ. ಅವನು..."

"ಬೇಡ. ನಂಗೆ ಹೇಳ್ಬೇಡ."

ತೋರಿಲ್ಡ್ ಎದ್ದು ಗೋಡೆಯ ಕಡೆ ತಿರುಗಿ ನಿಂತಳು. ಹಾಗೇ ಫೋನ್ ತೆಗೆದು ಪಟ್ಟಣದ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆ ಮಾಡಿದಳು. "ಒಬ್ಬರಿಗೆ ಸಮಯ ಬೇಕಿತ್ತು," ಎಂದವಳು ಮಾತು ತಿದ್ದಿಕೊಂಡಳು. "ಅಲ್ಲ, ಇಬ್ಬರಿಗೆ. ಒಟ್ಟಿಗೆ ಬೇಡ."

ಈಸ್ಟರ್ ಕಳೆಯುವವರೆಗೆ ಜಾಗವಿಲ್ಲ, ತುರ್ತಿದ್ದರೆ ಮಾತ್ರ ನೋಡಬಹುದು ಎಂದಿತು ಆ ಕಡೆಯ ದನಿ. ತುರ್ತಾ ಎಂದೂ ಕೇಳಿತು.

"ಈ ಊರಲ್ಲಿ ಯಾವಾಗ್ಲೂ ಅದನ್ನ ತೀರ್ಮಾನ ಮಾಡೋಳು ನಾನೇ," ಎಂದಳು ತೋರಿಲ್ಡ್. "ಇವತ್ತು ನಂಗೆ ಗೊತ್ತಾಗ್ತಿಲ್ಲ. ನೀವೇ ಹೇಳಿ."