ಬರ್ನಿ ತಂದದ್ದೇ ನೀವು ಕೇಳಿದ್ದು

ಟಕಟಕಟಕ ಎಂದು ಮತ್ತೆ ಶುರುವಾಯಿತು, ಹಾಳಾದ ಸ್ಕ್ಯಾನ್ ಯಂತ್ರ, ಹೋಟೆಲಿನ ಅಡುಗೆಮನೆಯಲ್ಲಿ ನಮ್ಮ ಅಡುಗೆಯವ ಒಡೆಲ್ ಈರುಳ್ಳಿ ಹೆಚ್ಚುವಾಗ ಹಲಗೆಯ ಮೇಲೆ ಚಾಕು ಕುಣಿಯುವ ಸದ್ದು ಥೇಟ್ ಇದೇ, ಅದಕ್ಕಾದರೂ ಒಂದು ವಾಸನೆಯಿದೆ, ಇಲ್ಲಿ ಬರೀ ಪ್ಲಾಸ್ಟಿಕ್ಕು, ಮುಖದ ಮೇಲೆ ಪಂಜರ, ಮೂಗಿನ ತುದಿ ನವೆಯಾಗುತ್ತಿದೆ, ಕೆರೆದುಕೊಳ್ಳುವ ಹಾಗಿಲ್ಲ — ಅಲುಗಾಡಬೇಡಿ ಬರ್ನಡೀನ್, ತುಂಬಾ ಚೆನ್ನಾಗಿ ಮಲಗಿದೀರ — ಗಾಜಿನಾಚೆ ಕೂತ ಹುಡುಗಿಯ ದನಿ ಕಿವಿಯೊಳಗೇ ಬರುತ್ತದೆ, ಮಲಗಿದ್ದಕ್ಕೂ ಶಹಬ್ಬಾಸ್ ಅನ್ನಿಸಿಕೊಳ್ಳುವ ವಯಸ್ಸು ಬಂತಲ್ಲಪ್ಪಾ, ಆ ಹುಡುಗಿ ಬಾಯಿಬಡುಕಿ, ಒಳಗೆ ತಳ್ಳುವ ಮುಂಚೆ ನಾಯಿಮರಿಯ ಕಥೆಯೆಲ್ಲ ಹೇಳಿದಳು, ಒಳ್ಳೆಯದೇ, ಮಾತಾಡುವವರು ಇರಬೇಕು, ಅವಳಿಗೆ ಬರ್ನಡೀನ್ ಅಂದರೆ ಚೀಟಿಯ ಮೇಲಿನ ಹೆಸರು ಅಷ್ಟೆ, ಟಾಕಿಸನ ಹೋಟೆಲಿಗೆ ಬಂದು ಬರ್ನಿ ಎಂದು ಕೂಗಲಿ, ಇಡೀ ಸ್ಕ್ರಾಂಟನ್ ಊರೇ ತಿರುಗಿ ನೋಡುತ್ತದೆ. ಮಗಳು ಕೋಲೀನ್ ಹೊಟ್ಟೆಯಲ್ಲಿದ್ದಾಗ ಸೊಂಟಕ್ಕೆ ಕಟ್ಟಿದ ಏಪ್ರನ್ನು, ಇವತ್ತು ಬೆಳಗ್ಗೆ ಕೂಡ ಕಟ್ಟಿದ್ದೆ, ಅಷ್ಟು ವರ್ಷದಲ್ಲಿ ಒಂದು ಆರ್ಡರನ್ನೂ ಬರೆದುಕೊಂಡವಳಲ್ಲ ನಾನು, ಅಡುಗೆಮನೆಯ ಕಿಟಕಿಗೆ ಬಾಯಿಟ್ಟು ಕೂಗುವುದು, ಒಡೆಲ್ ಮರುಮಾತಿಲ್ಲದೆ ಬೇಯಿಸುವುದು, ಯಾರಾದರೂ ತಟ್ಟೆ ನೋಡಿ ನಾನು ಇದನ್ನ ಹೇಳಿರ್ಲಿಲ್ವಲ್ಲ ಎಂದು ರಾಗ ತೆಗೆದರೆ ಯಜಮಾನ ಟಾಕಿಸ್ ಸೌಟು ಎತ್ತಿ ಕಾಫಿ ಪಾತ್ರೆಯ ಮೇಲಿನ ಬೋರ್ಡು ತೋರಿಸುವನು, ಓದಪ್ಪಾ, ಓದಕ್ಕೆ ಬರುತ್ತೆ ತಾನೆ — ಬರ್ನಿ ತಂದದ್ದೇ ನೀವು ಕೇಳಿದ್ದು — ತನ್ನ ಗ್ರೀಕ್ ಕೈಬರಹದಲ್ಲಿ ಅವನೇ ಬರೆದದ್ದು, ಮೊದಲು ತಮಾಷೆಗೆ, ಆಮೇಲೆ ಅದೇ ಕಾನೂನಾಯಿತು, ಯಾಕೆಂದರೆ ನಾನು ಒಮ್ಮೆಯೂ ತಪ್ಪಿರಲಿಲ್ಲ, ಗಲಾಟೆ ಮಾಡಿದವರೆಲ್ಲ ಕೊನೆಗೆ ಹೌದು ಬರ್ನಿ, ನಾನೇ ಹೇಳಿದ್ದೆ ಎಂದು ಬಾಲ ಮುದುರಿಕೊಂಡು ತಿಂದವರೇ.

ಅದಕ್ಕೇ ತಾನೆ ಬೇಡ ಅಂದದ್ದು, ತಲೆಗೆ ಕರೆಂಟು ಬೇಡ ಅಂದದ್ದು. ಡಾಕ್ಟರ್ ಪೆಲ್ಟಿಯರ್ ಒಳ್ಳೆಯ ಹೆಂಗಸು, ಉದ್ದ ಬೆರಳು, ಸುತ್ತಿ ಬಳಸಿ ಮಾತಾಡುವವಳಲ್ಲ, ಶ್ವಾಸಕೋಶದಲ್ಲಿದ್ದ ಗಡ್ಡೆ ಕರಗಿದೆ ಬರ್ನಡೀನ್, ಸಂತೋಷ, ಆದ್ರೆ ಈ ಜಾತಿ ಕ್ಯಾನ್ಸರು ಮಿದುಳಿಗೆ ಹತ್ತೋದು ಜಾಸ್ತಿ, ಈಗ ಎರಡು ದಾರಿ ಇದೆ, ಅಲ್ಲಿ ಏನೂ ಕಾಣಿಸದೇ ಇರುವಾಗ್ಲೇ ಇಡೀ ತಲೆಗೆ ರೇಡಿಯೇಷನ್ ಕೊಟ್ಟು ತಡೆಯೋಕೆ ನೋಡೋದು ಒಂದು, ಸುಮ್ನಿದ್ದು ಆಗಾಗ ಸ್ಕ್ಯಾನ್ ಮಾಡ್ತಾ ಕಾವಲು ಕಾಯೋದು ಇನ್ನೊಂದು, ಕೊಟ್ರೆ ಮರೆವು ಬರಬಹುದು, ಮಾತು ನಿಧಾನ ಆಗಬಹುದು, ಕಾದ್ರೆ — ಕಾದ್ರೆ ಅದು ಬಂದ ಮೇಲೇನೇ ನಮಗೆ ಗೊತ್ತಾಗೋದು, ಎರಡರಲ್ಲಿ ಯಾವುದು ಮೇಲು ಅಂತ ನಾವು ಇನ್ನೂ ಹುಡುಕ್ತಾನೇ ಇದೀವಿ. ಕೋಲೀನ್ ಅಲ್ಲೇ ಕುರ್ಚಿಯ ತುದಿಗೆ ಬಂದಳು, ಕೊಟ್ಬಿಡಿ ಡಾಕ್ಟ್ರೇ, ಅಮ್ಮಾ ನಿಂಗೆ ಮರೆತ್ರೆ ನಾನು ನೆನಪಿಟ್ಕೋತೀನಿ, ನೀನೇ ಹೋಗ್ಬಿಟ್ರೆ ನಾನೇನು ಮಾಡ್ಲಿ. ಹುಚ್ಚು ಹುಡುಗಿ, ಅಪ್ಪನ ಹಾಗೇ ಬೇಗ ಕಣ್ಣೀರು, ಇವಳಿಗೇನು ಗೊತ್ತು, ಕೀಮೋ ಹಾಕಿಸಿಕೊಳ್ಳುವಾಗ ಪಕ್ಕದ ಕುರ್ಚಿಯಲ್ಲಿದ್ದ ಹೆಂಗಸು ತಲೆಗೆ ಕರೆಂಟು ತಗೊಂಡವಳು, ನಿಮಗೆ ಮಕ್ಕಳೆಷ್ಟು ಎಂದು ಕೇಳಿದಳು, ಒಬ್ಬಳೇ ಎಂದೆ, ಬಿಸ್ಕತ್ತು ಮುರಿದು ಅರ್ಧ ಕೊಟ್ಟು ಮತ್ತೆ ನಿಮಗೆ ಮಕ್ಕಳೆಷ್ಟು ಎಂದಳು, ಎಲ್ಲರಿಗೂ ಹಾಗಾಗುವುದಿಲ್ಲವಂತೆ, ಆಗಲಿಕ್ಕಿಲ್ಲ, ಆದರೆ ಆದವಳು ನನ್ನ ಪಕ್ಕದಲ್ಲೇ ಕೂತಿದ್ದಳಲ್ಲ. ಈ ತಲೆ ಬಿಟ್ಟರೆ ನನ್ನ ಹತ್ತಿರ ಇನ್ನೇನಿದೆ, ಓದಿಲ್ಲ ಬರೆದಿಲ್ಲ, ಹಿತ್ತಿಲ ಬಾಗಿಲಲ್ಲಿ ನಿಂತು ಸಿಗರೇಟು ಸುಟ್ಟು ಸುಟ್ಟು ಎದೆ ಹಾಳು ಮಾಡಿಕೊಂಡೆ, ತಲೆಯೊಂದು ನೆಟ್ಟಗಿದೆ, ಅದನ್ನು ಮುಟ್ಟಬೇಡಿ. ಕಾಯೋಣ ಅಂದೆ.

ಬರ್ನಡೀನ್, ಈಗ ಔಷಧಿ ಬಿಡ್ತೀನಿ, ತೋಳು ತಣ್ಣಗಾಗುತ್ತೆ, ಗಾಬರಿ ಬೇಡ — ಹೌದು, ತಣ್ಣಗೆ, ಮೊಣಕೈ ದಾಟಿತು, ಭುಜ, ಆಮೇಲೆ ನಾಲಿಗೆಯಲ್ಲಿ ಕಬ್ಬಿಣದ ರುಚಿ, ತಳ ಹಿಡಿದ ಕಾಫಿಯ ಹಾಗೆ, ಥೂ, ಬೆಳಗ್ಗೆ ವಿನಿಫ್ರೆಡ್ ಟೀಚರ್ ಕಾಫಿ ಮುಂದೆ ಮುಖ ಹುಳ್ಳಗೆ ಮಾಡಿ ಕೂತಿದ್ದಳು, ಯಾಕೆ ಟೀಚರೇ ಕಾಫಿ ಸರಿಯಿಲ್ವಾ ಎಂದರೆ ಇಲ್ಲಮ್ಮ ಬಹಳ ಚೆನ್ನಾಗಿದೆ ಎಂದು ಗಟಗಟ ಕುಡಿದಳು, ಹಾಲು ಹಾಕಿದ ಕಾಫಿ — ಹಾಲು, ಟೀಚರು ಯಾವತ್ತಾದರೂ ಹಾಲು ಮುಟ್ಟಿದ್ದುಂಟೇ, ಹಾಲು ಹೊಟ್ಟೆಗೆ ಆಗದು ಅನ್ನುವವಳು, ನಾನೇ ಸುರಿದೆನೇ, ಸುರಿದೆ, ಕೈಯಲ್ಲಿ ಹಾಲಿನ ಜಗ್ ಇತ್ತು, ನಿದ್ದೆ ಸಾಲದು ಅಷ್ಟೆ, ಸ್ಕ್ಯಾನಿನ ಹಿಂದಿನ ರಾತ್ರಿ ಯಾರಿಗೆ ನಿದ್ದೆ ಬರುತ್ತದೆ. ಟೀಚರಿನ ಪಕ್ಕದ ಸ್ಟೂಲು ಮರ್ವಿನ್‌ದು, ಬಸ್ಸು ಓಡಿಸುತ್ತಿದ್ದವನು, ರಿಟೈರಾದ ಮೇಲೂ ಅದೇ ಹೊತ್ತಿಗೆ ಹಾಜರು, ಅವನಿಗೆ ಮೊಟ್ಟೆ ಎರಡೂ ಕಡೆ ಗಟ್ಟಿಯಾಗಿ ಬೇಯಬೇಕು, ಹರಿಯೋ ಹಳದಿ ಕಂಡ್ರೆ ನಂಗೆ ವಾಂತಿ ಬರುತ್ತೆ ಕಣೇ ಬರ್ನಿ, ಮೊದಲ ದಿನವೇ ಹೇಳಿದ್ದ, ಒಂದು ಸಲ ಪಕ್ಕದವನ ತಟ್ಟೆಯಲ್ಲಿ ಹಳದಿ ಹರಿದದ್ದು ನೋಡಿ ಎದ್ದು ಹೊರಗೆ ಹೋಗಿದ್ದ, ಗಟ್ಟಿ, ಮರ್ವಿನ್ ಅಂದರೆ ಗಟ್ಟಿ, ಇದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ, ಬೆಳಗ್ಗೆಯೂ ಕಿಟಕಿಗೆ ಬಾಯಿಟ್ಟು ಕೂಗಿದೆ, ಒಡೆಲ್, ಮರ್ವಿನ್‌ಗೆ ಎರಡು — ಎರಡು ಏನು, ಎರಡು ಏನು ಅಂದೆ — ಎರಡು, ಹಳದಿ ಹರಿಯೋ ಹಾಗೆ.

ತಲೆಯೆತ್ತಲು ಹೋದೆ, ಪಂಜರಕ್ಕೆ ಮೂಗು ಬಡಿಯಿತು. ಅಲುಗಾಡಬೇಡಿ ಬರ್ನಡೀನ್. ಇಲ್ಲಮ್ಮ, ಅಲುಗಾಡಲ್ಲ, ಆದರೆ ಅಂದೆ, ನನ್ನದೇ ದನಿ, ಒಡೆಲ್ ತಲೆಯೆತ್ತಿದ, ನನ್ನನ್ನು ನೋಡಲಿಲ್ಲ, ನನ್ನ ಹಿಂದೆ ನಿಂತ ಟಾಕಿಸನನ್ನು ನೋಡಿದ, ಟಾಕಿಸ್ ಏನು ಸನ್ನೆ ಮಾಡಿದನೋ, ಒಡೆಲ್ ತಲೆ ತಗ್ಗಿಸಿ ಮೊಟ್ಟೆ ಒಡೆದ, ನಾನು ತಟ್ಟೆ ಎತ್ತಿಕೊಂಡು ಹೋಗಿ ಮರ್ವಿನ್ ಮುಂದೆ ಇಟ್ಟೆ, ಬಿಸಿಬಿಸಿ ತಿನ್ನೋ ಮುದಿಯಾ ಎಂದೆ, ಅವನು ತಿರುಗಿ ಮುದುಕಿ ಅನ್ನಲಿಲ್ಲ. ಯಾವಾಗಿನಿಂದ ಅನ್ನುತ್ತಿಲ್ಲ? ಹೋದ ವಾರ ಅನ್ನಲಿಲ್ಲ, ಅದರ ಹಿಂದಿನ ವಾರ — ಹೋಟೆಲಿನಲ್ಲಿ ಯಾರೂ ನನ್ನನ್ನು ರೇಗಿಸಿ ಎಷ್ಟು ದಿನವಾಯಿತು, ಒಬ್ಬನೂ ತಟ್ಟೆ ದೂರ ತಳ್ಳಿಲ್ಲ, ಒಬ್ಬಳೂ ರಾಗ ತೆಗೆದಿಲ್ಲ, ಟಾಕಿಸನ ಸೌಟು ಮೇಲೇಳಲೇ ಇಲ್ಲ, ಭಾನುವಾರ ಕೋಲೀನ್ ಬಂದಾಗ ಸ್ಯಾಂಡ್‌ವಿಚ್ಚಿನಲ್ಲಿ ಟೊಮೇಟೊ ಇತ್ತು, ಹುಟ್ಟಿದಾಗಿನಿಂದ ಟೊಮೇಟೊ ಮುಟ್ಟದ ಹುಡುಗಿ, ಗಪಚಿಪ್ ತಿಂದಳು, ಮಾರನೆಯ ದಿನವೇ ಫೋನ್ ಮಾಡಿ ಅಮ್ಮಾ ಸ್ಕ್ಯಾನ್ ಬೇಗ ಇಟ್ಟಿದಾರೆ ಅಂದಳು, ಮುಂದಿನ ತಿಂಗಳಲ್ವೇನೇ ಎಂದರೆ ಆಸ್ಪತ್ರೆಯವರೇ ಹೇಳಿದ್ದು ಬಿಡಮ್ಮ — ಆಸ್ಪತ್ರೆಯವರಲ್ಲ, ಅವಳಿಗೆ ಹೇಳಿದವನು ಟಾಕಿಸ್, ಅಯ್ಯೋ ದೇವರೇ, ಎಲ್ಲರಿಗೂ ಗೊತ್ತು, ಇಡೀ ಹೋಟೆಲು ಸೇರಿಕೊಂಡು ನನ್ನ ತಪ್ಪುಗಳನ್ನು ತಿಂದು ಮುಗಿಸುತ್ತಿದೆ. ಯಾವ ತಲೆಯನ್ನು ಉಳಿಸಿಕೊಳ್ಳಲಿಕ್ಕೆ ಬೇಡ ಅಂದೆನೋ ಅದೇ ತಲೆ, ಅವತ್ತು ಹೂಂ ಅಂದಿದ್ದರೆ, ಅಂದಿದ್ದರೂ ಹೀಗೇ ಆಗುತ್ತಿತ್ತೋ ಏನೋ, ಪೆಲ್ಟಿಯರ್ ಕೂಡ ಹೇಳಲಾರಳು, ಯಾರನ್ನು ಬಯ್ಯಲಿ. ಟಕಟಕ ನಿಂತಿದೆ. ಹುಡುಗಿ ಮಾತಾಡುತ್ತಿಲ್ಲ. ಏನಾದರೂ ಹೇಳೇ ತಾಯಿ, ನಿನ್ನ ನಾಯಿಮರಿಯ ಕಥೆಯನ್ನಾದರೂ ಹೇಳು. ಮೈಕಿನಲ್ಲಿ ಯಾವುದೋ ಗಂಡಸಿನ ದನಿ ಸಣ್ಣಗೆ ಇಣುಕಿ ಕಟ್ಟಾಯಿತು, ಆಮೇಲೆ ಹುಡುಗಿ, ಬೇರೆಯೇ ಹುಡುಗಿಯೋ ಎಂಬಂತೆ ಮೆತ್ತಗೆ, ಮೇಡಂ, ಇನ್ನೊಂದು ಸಲ ತೆಗೀತೀವಿ, ಡಾಕ್ಟರ್ ಇವತ್ತೇ ನಿಮ್ಮನ್ನ ನೋಡ್ತಾರಂತೆ, ನಿಮ್ಮ ಮಗಳನ್ನೂ ಒಳಗೆ ಕರೀತೀವಿ. ಮೇಡಂ ಅಂದಳು, ಇಷ್ಟು ಹೊತ್ತು ಬರ್ನಡೀನ್ ಅಂದವಳು. ಟಕಟಕಟಕ. ಬೆಳಗ್ಗೆ ಮರ್ವಿನ್ ಮುಳ್ಳುಚಮಚ ಚುಚ್ಚಿದ, ಹಳದಿ ಒಡೆದು ಬಿಳಿಯ ಮೇಲೆ ಹರಿಯಿತು, ಅವನ ಗಂಟಲ ಗಂಟು ಮೇಲೇರಿ ಕೆಳಗಿಳಿಯಿತು, ಕಣ್ಣಲ್ಲಿ ನೀರು, ಬ್ರೆಡ್ಡಿನ ತುಂಡು ತೆಗೆದುಕೊಂಡು ತಟ್ಟೆಯ ಅಂಚಿನಿಂದ ಅಂಚಿಗೆ ಒರೆಸಿದ, ಬಾಯಿಗಿಟ್ಟ, ನುಂಗಿದ, ನಾನು ನೋಡುತ್ತಿದ್ದೇನೆಂದು ಮತ್ತೆ ಒರೆಸಿದ, ತಟ್ಟೆ ಬೆಳ್ಳಗಾಗುವವರೆಗೆ ಒರೆಸಿದ, ಚೆನ್ನಾಗಿತ್ತು ಬರ್ನಿ, ನಾನು ಕೇಳಿದ್ದು ಇದೇ.