ಉಪ್ಪು ಎಲ್ಲಿಟ್ಟಿದ್ದಳು

ಹೊಸ ಊರು ಕಟ್ಟಲು ಹೊರಟವರಿಗೆ ಕಾನೂನು ಬರೆದುಕೊಡಲು ಕ್ರೀಟ್ ದ್ವೀಪದ ಕ್ನೋಸಸ್ ಪಟ್ಟಣ ಹತ್ತು ಹಿರಿಯರನ್ನು ನೇಮಿಸಿತ್ತು. ಒಂಬತ್ತು ಜನರಿಗೆ ಅದು ಸಲೀಸು ಕೆಲಸ, ಕ್ರೀಟಿನ ಹಳೆಯ ಕಾನೂನನ್ನೇ ಇಳಿಸಿಕೊಂಡರಾಯಿತು. ಹತ್ತನೆಯವನು ಕೂದಾಸ. ಅವನಿಗೆ ಮಾತ್ರ ಒಂದು ಸಾಲು ಗಂಟಲಲ್ಲಿ ಸಿಕ್ಕಿಕೊಂಡಿತ್ತು: ಗಂಡಸರೆಲ್ಲ ಸಂಜೆಯ ಊಟವನ್ನು ಊರಿನ ಊಟದ ಮನೆಯಲ್ಲೇ ಮಾಡತಕ್ಕದ್ದು.

ಕಾನೂನಿನ ತಪ್ಪು ಎತ್ತಿ ಆಡುವ ಹಕ್ಕು ಮುದುಕರಿಗಷ್ಟೇ ಇತ್ತು. ಅದನ್ನೂ ಓರಗೆಯ ಅಧಿಕಾರಿಯ ಮುಂದೆ, ಕಿರಿಯರ ಕಿವಿಗೆ ಬೀಳದ ಕಡೆ ಆಡಬೇಕು. ಕೂದಾಸನ ಓರಗೆಯಲ್ಲಿ ಉಳಿದಿದ್ದ ಅಧಿಕಾರಿ ಟಾಸ್ಕೋಸ ಒಬ್ಬನೇ. ಇಳಿಹೊತ್ತಿನಲ್ಲಿ ಅವನನ್ನು ಊರಾಚೆಯ ಮರದಡಿಗೆ ಕರೆದುಕೊಂಡು ಹೋದ.

"ಏನೋ ನಿನ್ನ ಗೋಳು?"

"ಹತ್ತು ದಿನಕ್ಕೊಂದು ಸಂಜೆ ಗಂಡಸು ಮನೇಲಿ ಉಣ್ಲಿ. ಹೊಸ ಊರಿಗೆ ಅಷ್ಟು ಸೇರಿಸೋಣ."

ಟಾಸ್ಕೋಸ ಬಿದ್ದು ಬಿದ್ದು ನಕ್ಕ. "ಹೆಂಡ್ತಿ ಮುಂದೆ ಕೂತು ಬಾರ್ಲಿ ಗಂಜಿ ಕುಡಿಯೋಕಾ? ಊಟದ ಮನೇಲಿ ನಲವತ್ತು ವರ್ಷ ಮಾಂಸ ತಿಂದು ಸಾಕಾಯ್ತೇನೋ? ಈ ಕಾನೂನಿಂದ ಯಾರಿಗೆ ಏನು ನಷ್ಟ ಆಯ್ತು, ಅದು ಹೇಳು. ಅದಿಲ್ದೆ ನಾನು ಮುಂದಕ್ಕೆ ಒಯ್ಯೋ ಹಾಗಿಲ್ಲ."

"ನನ್ನ ಹೆಂಡ್ತಿ ಫಿಲಿನ್ನಾ ಹೋಗಿ ಇಪ್ಪತ್ತು ದಿನ ಆಯ್ತಲ್ಲ. ಸಾವಿನ ಮನೆಯೋನು ಅಂತ ಮೂರು ದಿನ ನನ್ನನ್ನ ಊಟದ ಮನೆಗೆ ಸೇರಿಸ್ಲಿಲ್ಲ. ಮನೇಲೇ ಗಂಜಿ ಕಾಸ್ಕೊಂಡೆ. ಉಪ್ಪು ಎಲ್ಲಿಟ್ಟಿದ್ಲು ಅಂತ ಗೊತ್ತಾಗ್ಲಿಲ್ಲ ಕಣೋ."

"ಉಪ್ಪು ಸಿಗ್ಲಿಲ್ಲ ಅಂತ ಕಾನೂನು ತಿದ್ದಬೇಕಾ ಮಾರಾಯ!"

"ಅವಳು ಯಾವ ಮೂಲೇಲಿ ಕೂತು ಉಣ್ತಿದ್ಲು ಅನ್ನೋದೂ ಗೊತ್ತಿಲ್ಲ. ಏನು ಇಷ್ಟಪಟ್ಟು ತಿಂತಿದ್ಲೋ, ಅದೂ ಗೊತ್ತಿಲ್ಲ. ನಲವತ್ತು ವರ್ಷದಲ್ಲಿ ಒಂದು ದಿನ ಅವಳು ಉಣ್ಣೋದನ್ನ ನಾನು ನೋಡಿಲ್ಲ."

ಟಾಸ್ಕೋಸನ ನಗು ನಿಂತಿತು. "ನಮ್ಮನೇಲಿ ನನ್ನವಳು..." ಎಂದು ಶುರುಮಾಡಿ ಗಡ್ಡ ಕೆರೆದುಕೊಂಡ.

ಊಟಕ್ಕೆ ಕೂಗು ಬಂತು. ಇಬ್ಬರೂ ಎದ್ದರು. ದಾರಿ ಕವಲೊಡೆಯುವಲ್ಲಿ ಟಾಸ್ಕೋಸ ಗಕ್ಕನೆ ನಿಂತ.

"ನೀನು ನಡಿ. ನಿನ್ನ ವಿಷ್ಯ ನಾಳೆ ನೋಡೋಣ," ಎಂದವನೇ ತನ್ನ ಮನೆಯ ಕಡೆ ತಿರುಗಿದ. ಮಂಡಿನೋವು ಅಂತ ದಿನವೂ ನರಳುವವನು ಅವತ್ತು ದಾಪುಗಾಲು ಹಾಕುತ್ತಿದ್ದ. ಕೂದಾಸನಿಗೆ ಹೊಟ್ಟೆ ಉರಿದುಹೋಯಿತು. ಒಬ್ಬನೇ ಊಟದ ಮನೆಗೆ ನಡೆದ.

ಊಟದ ಮನೆಯ ಯಜಮಾನಿ ಬಡಿಸುತ್ತಾ ಬಂದಳು. "ಟಾಸ್ಕೋಸಯ್ಯ ಎಲ್ಲಿ, ಅಜ್ಜ?"

"ಹೊಟ್ಟೆನೋವಂತೆ, ಮಲಗಿದಾನೆ," ಎಂದ ಕಾನೂನು ಬರೆಯುವ ಕೂದಾಸ.

"ಹಾಗಾದ್ರೆ ಅವರ ಪಾಲೂ ನೀವೇ ತಿನ್ನಿ," ಎಂದು ಅವಳು ಒಳ್ಳೆಯ ತುಂಡನ್ನೇ ಅವನ ತಟ್ಟೆಗೆ ಹಾಕಿದಳು. ಉಪ್ಪು ಹದವಾಗಿತ್ತು. ಅವನು ತಟ್ಟೆಯನ್ನು ಅತ್ತ ಸರಿಸಿದ.